ಮೋಡದ ಕಾಡಿನ ಕತ್ತಿಕೊಕ್ಕು

ಹಿತ್ತಲಿನ ದಾಸವಾಳಕ್ಕೋ ಬಾಳೆಯ ಹೂವಿಗೋ ಬೆಳಗಿನ ಹೊತ್ತು ಬಂದು, ಬಾಗಿದ ಕೊಕ್ಕನ್ನು ಹೂವಿನೊಳಗೆ ಚುಚ್ಚಿ, ಚೀಂಗುಟ್ಟುತ್ತ ಹಾರಿಹೋಗುವ ಪುಟ್ಟ ಹಕ್ಕಿಯನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಬಿಸಿಲು ಬಿದ್ದಾಗ ಅದರ ಮೈ ನೇರಳೆಯಾಗಿ, ಹಸುರಾಗಿ ಮಿಂಚುತ್ತದೆ. ಶಾಲೆಗೆ ಹೋಗುವ ಮಕ್ಕಳು ಅದನ್ನು ಹಮ್ಮಿಂಗ್‌ಬರ್ಡ್ ಎಂದು ಕರೆಯುವುದುಂಟು. ದೊಡ್ಡವರೂ ಹಾಗೆಯೇ ನಂಬಿರುವುದುಂಟು. ಆದರೆ ಅದು ನಮ್ಮ ಸೂರಕ್ಕಿ. ಹಮ್ಮಿಂಗ್‌ಬರ್ಡ್ ಎಂಬ ಹಕ್ಕಿ ನಮ್ಮ ದೇಶದಲ್ಲಿಲ್ಲ. ಏಷ್ಯದಲ್ಲಾಗಲಿ ಆಫ್ರಿಕದಲ್ಲಾಗಲಿ ಯಾವ ಕಾಡಿನಲ್ಲಿಯೂ ಇಲ್ಲ. ಅದು ಅಮೆರಿಕ ಖಂಡಗಳ ಸ್ವತ್ತು. ಹೂವಿನ ಜೇನನ್ನು ಕುಡಿಯುವ ಕಸುಬು ಎರಡಕ್ಕೂ ಒಂದೇ ಆದುದರಿಂದ, ಕೊಕ್ಕು, ಗಾತ್ರ, ಹೊಳಪು ಇವುಗಳಲ್ಲಿ ಹೋಲಿಕೆ ಬಂದಿದೆ, ರಕ್ತಸಂಬಂಧವೇನೂ ಇಲ್ಲ.

ಈ ಹಕ್ಕಿಗೆ ಕನ್ನಡದಲ್ಲಿ ಝೇಂಕಾರದ ಹಕ್ಕಿ ಎಂಬ ಹೆಸರು ಒಪ್ಪುತ್ತದೆ. ಹಾರುವಾಗ ರೆಕ್ಕೆಯಿಂದ ಹೊರಡುವ ಸದ್ದೇ ಅದಕ್ಕೆ ಆ ಹೆಸರನ್ನು ತಂದಿತು. ಝೇಂಕಾರದ ಹಕ್ಕಿಗಳಲ್ಲಿ 360ಕ್ಕೂ ಮಿಕ್ಕ ಜಾತಿಗಳಿವೆ. ಅವುಗಳಲ್ಲಿ ಒಂದರ ವಿಷಯವನ್ನು ಮಾತ್ರ ಇಂದು ನಿಮ್ಮ ಮುಂದೆ ಇಡುತ್ತೇನೆ. ತನ್ನ ಮೈಗಿಂತ ಉದ್ದವಾದ ಕೊಕ್ಕನ್ನು ಹೊತ್ತು ಬದುಕುವ ಹಕ್ಕಿ ಅದು. ಅದರ ಕೊಕ್ಕನ್ನೇ ನಂಬಿಕೊಂಡು ಬದುಕುವ ಹೂವೂ ಒಂದು ಉಂಟು. ಈ ಇಬ್ಬರ ನಡುವಿನ ಕೊಡುಕೊಳ್ಳುವಿಕೆ ಎಂಥದು, ಅದರಲ್ಲಿ ಯಾರು ಯಾರಿಗೆ ಎಷ್ಟು ಋಣಿ, ಆ ನಂಟು ಹರಿದರೆ ಆಗುವ ನಷ್ಟ ಯಾರದು ಎಂಬುದೇ ಈ ಮಾತಿನ ವಸ್ತು.

ಮೊದಲು ಈ ಕುಲದ ಹಕ್ಕಿಗಳು ಹಾರುವ ಬಗೆಯನ್ನು ನೋಡೋಣ. ಕಾಗೆ, ಗಿಳಿ, ಗುಬ್ಬಿ ಇವೆಲ್ಲ ರೆಕ್ಕೆಯನ್ನು ಕೆಳಕ್ಕೆ ಬಡಿದಾಗ ಮೈ ಮೇಲಕ್ಕೇರುತ್ತದೆ. ರೆಕ್ಕೆಯನ್ನು ಮತ್ತೆ ಮೇಲಕ್ಕೆತ್ತುವಾಗ ಅಷ್ಟೇನೂ ಬಲ ಹುಟ್ಟುವುದಿಲ್ಲ. ಝೇಂಕಾರದ ಹಕ್ಕಿಯ ರೆಕ್ಕೆ ಭುಜದ ಬುಡದಲ್ಲಿ ಚೆನ್ನಾಗಿ ತಿರುಗಬಲ್ಲದು. ನಿಂತಲ್ಲೇ ಹಾರುವಾಗ ಅದು ರೆಕ್ಕೆಯನ್ನು ಮುಂದಕ್ಕೂ ಹಿಂದಕ್ಕೂ ಬೀಸುತ್ತದೆ. ರೆಕ್ಕೆಯ ತುದಿ ಗಾಳಿಯಲ್ಲಿ ಇಂಗ್ಲಿಷಿನ ಎಂಟರ ಅಂಕಿಯನ್ನು ಅಡ್ಡವಾಗಿ ಬರೆದಂತೆ ಚಲಿಸುತ್ತದೆ. ಮೈಯನ್ನು ಎತ್ತಿ ಹಿಡಿಯುವ ಬಲದಲ್ಲಿ ಮುಕ್ಕಾಲು ಪಾಲು ಕೆಳಬೀಸಿನಿಂದ, ಕಾಲು ಪಾಲು ಮೇಲ್ಬೀಸಿನಿಂದ ಬರುತ್ತದೆಂದು 2005ರಲ್ಲಿ ಅಳೆದು ತೋರಿಸಿದರು. ಹೀಗಾಗಿ ಅದು ಹೂವಿನ ಮುಂದೆ ಗಾಳಿಯಲ್ಲಿ ಮೊಳೆ ಹೊಡೆದು ತೂಗುಹಾಕಿದಂತೆ ನಿಲ್ಲಬಲ್ಲದು. ಕುಡಿದು ಮುಗಿದ ಮೇಲೆ ಹಿಂದಕ್ಕೂ ಹಾರಬಲ್ಲದು. ನಮ್ಮ ಸೂರಕ್ಕಿ ಒಂದೆರಡು ಕ್ಷಣ ಹೀಗೆ ನಿಂತರೂ ಸಾಮಾನ್ಯವಾಗಿ ಕಡ್ಡಿಯ ಮೇಲೆ ಕುಳಿತೇ ಕುಡಿಯುತ್ತದೆ.

ಇಷ್ಟೆಲ್ಲ ಹಾರಾಟಕ್ಕೆ ಬೆಲೆ ತೆರಬೇಕು. ಹಾರುವಾಗ ಈ ಕುಲದ ಸಣ್ಣ ಹಕ್ಕಿಗಳ ಎದೆ ನಿಮಿಷಕ್ಕೆ ಸಾವಿರದ ಆಸುಪಾಸು ಬಾರಿ ಬಡಿಯುತ್ತದೆ. ಹಗಲೆಲ್ಲ ಮತ್ತೆ ಮತ್ತೆ ಕುಡಿಯುತ್ತಲೇ ಇರಬೇಕು. ರಾತ್ರಿ ಹೂವಿಲ್ಲ; ಮಲೆಯ ಮೇಲೆ ಚಳಿ ಬೇರೆ. ಹೊಟ್ಟೆಯಲ್ಲಿರುವ ಸಕ್ಕರೆ ಬೆಳಗಿನವರೆಗೆ ಸಾಲುವುದು ಹೇಗೆ? ಇದಕ್ಕೆ ಅವು ಕಂಡುಕೊಂಡಿರುವ ಉಪಾಯ ಜಡನಿದ್ರೆ. ಒಲೆಯ ಕೆಂಡವನ್ನು ಬೂದಿ ಮುಚ್ಚಿ ಉಳಿಸುವಂತೆ, ಮೈಯ ಕಾವನ್ನು ಇಳಿಸಿ, ಎದೆಬಡಿತವನ್ನು ತಗ್ಗಿಸಿ, ರಾತ್ರಿಯನ್ನು ಕಳೆಯುತ್ತವೆ. ಪೆರು ದೇಶದ ಎತ್ತರದ ಮಲೆಗಳಲ್ಲಿ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಈ ಕುಲದ ಒಂದು ಹಕ್ಕಿಯ ಮೈಯ ಕಾವು ಸುಮಾರು 3.3 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿದುದು ಕಂಡುಬಂತು. ಅದು ಮಂಜುಗಡ್ಡೆಗೆ ಹತ್ತಿರದ ತಣ್ಪು. ಬೆಳಗಾಗುವ ಹೊತ್ತಿಗೆ ಹಕ್ಕಿ ಮೈ ನಡುಗಿಸಿ, ಕಾವೇರಿಸಿಕೊಂಡು, ಮತ್ತೆ ಹೂವಿಗೆ ಹೊರಡುತ್ತದೆ.

ಇನ್ನು ನಮ್ಮ ಹಕ್ಕಿಯ ಊರಿಗೆ ಹೋಗೋಣ. ದಕ್ಷಿಣ ಅಮೆರಿಕದ ಪಡುವಣ ಅಂಚಿನಲ್ಲಿ ಉತ್ತರದಿಂದ ದಕ್ಷಿಣಕ್ಕೆ ಗೋಡೆ ಕಟ್ಟಿದಂತೆ ಆಂಡೀಸ್ ಪರ್ವತಗಳು ಹಬ್ಬಿವೆ. ಅವುಗಳ ಇಳಿಜಾರಿನಲ್ಲಿ ಒಂದು ಎತ್ತರವುಂಟು. ಕೆಳಗಿನ ಬಿಸಿ ನಾಡಿನಿಂದ ತೇವ ಹೊತ್ತು ಏರಿದ ಗಾಳಿ ಅಲ್ಲಿಗೆ ಬರುವಷ್ಟರಲ್ಲಿ ತಣಿದು ಮೋಡವಾಗುತ್ತದೆ. ಅಲ್ಲಿಯ ಕಾಡು ವರ್ಷದ ಬಹುಪಾಲು ದಿನಗಳಲ್ಲಿ ಮೋಡದ ಒಳಗೇ ಇರುತ್ತದೆ. ಮರಗಳು ಗಿಡ್ಡ, ಸೊಟ್ಟ. ಕಾಂಡಕ್ಕೆ, ಕೊಂಬೆಗೆ, ಎಲೆಗೆ ಕೂಡ ಹಾವಸೆ ಹತ್ತಿರುತ್ತದೆ. ಸೀತಾಳೆ, ಜರೀಗಿಡ, ಬಳ್ಳಿ ಇವು ಒಂದರ ಮೇಲೊಂದು ಏರಿ ಕುಳಿತಿರುತ್ತವೆ. ಮಳೆ ಬಾರದ ದಿನವೂ ಹಾವಸೆಯಿಂದ ನೀರು ತೊಟ್ಟಿಕ್ಕುತ್ತದೆ. ಏಕೆಂದರೆ ಹಾಯುವ ಮಂಜನ್ನು ಎಲೆಗಳು ಹಿಡಿದು ಹನಿಯಾಗಿಸುತ್ತವೆ. ಇದನ್ನು ಮೋಡದ ಕಾಡು ಎನ್ನುತ್ತಾರೆ. ಕುದುರೆಮುಖ, ಬ್ರಹ್ಮಗಿರಿಗಳ ಕಣಿವೆಗಳಲ್ಲಿ ಶೋಲಾ ಕಾಡುಗಳನ್ನು ಮಳೆಗಾಲದಲ್ಲಿ ಕಂಡವರಿಗೆ ಇದರ ಕಲ್ಪನೆ ಕಷ್ಟವಲ್ಲ. ಎತ್ತರ ಮಾತ್ರ ಬೇರೆ. ನಮ್ಮ ರಾಜ್ಯದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರು; ಈ ಹಕ್ಕಿ ಹೆಚ್ಚಾಗಿ ಕಾಣುವುದು 2,400 ಮೀಟರಿನಿಂದ ಮೇಲೆ. ವೆನೆಜುವೆಲದಿಂದ ಹಿಡಿದು ಕೊಲಂಬಿಯ, ಇಕ್ವೆಡಾರ್, ಪೆರು ದೇಶಗಳನ್ನು ಹಾಯ್ದು ಬೊಲಿವಿಯದವರೆಗೆ, ಆಂಡೀಸಿನ ಈ ಒದ್ದೆ ಪಟ್ಟಿಯೇ ಅದರ ಸೀಮೆ.

ಹಕ್ಕಿಯ ಶಾಸ್ತ್ರೀಯ ನಾಮ ಎನ್ಸಿಫೆರ ಎನ್ಸಿಫೆರ. ಲ್ಯಾಟಿನ್ ಭಾಷೆಯಲ್ಲಿ ಕತ್ತಿ ಹಿಡಿದವನು ಎಂದು ಅರ್ಥ. ಕನ್ನಡದಲ್ಲಿ ಕತ್ತಿಕೊಕ್ಕು ಎಂದು ಕರೆಯೋಣ. ಇದರ ತೂಕ ಸುಮಾರು ಹನ್ನೆರಡು ಗ್ರಾಂ. ಹಿರಿಯರ ಲೆಕ್ಕದಲ್ಲಿ ಹೇಳುವುದಾದರೆ ಒಂದು ತೊಲ, ಅಂದರೆ ಹಳೆಯ ಬೆಳ್ಳಿಯ ರೂಪಾಯಿಯಷ್ಟು. ಝೇಂಕಾರದ ಹಕ್ಕಿಗಳಲ್ಲಿ ಇದು ದೊಡ್ಡ ಜಾತಿಯೇ ಸರಿ. ಕ್ಯೂಬಾ ದ್ವೀಪದ ಅತಿ ಚಿಕ್ಕದರ ತೂಕ ಎರಡು ಗ್ರಾಂ ಅಷ್ಟೆ. ಗಂಡಿನ ಮೈ ಹಸುರು, ತಲೆ ಕಂಚಿನ ಬಣ್ಣ. ಹೆಣ್ಣಿನ ಹೊಟ್ಟೆ ಬೆಳ್ಳಗಿದ್ದು ಹಸುರು ಚುಕ್ಕೆಗಳಿರುತ್ತವೆ. ಈ ಒಂದು ತೊಲದ ಹಕ್ಕಿಯ ಮುಖದಿಂದ ಸುಮಾರು ನಾಲ್ಕು ಅಂಗುಲದ ಕೊಕ್ಕು, ತುಸು ಮೇಲಕ್ಕೆ ಬಾಗಿ, ಮುಂದಕ್ಕೆ ಚಾಚಿದೆ. ಬಾಲವನ್ನು ಬಿಟ್ಟು ಅಳೆದರೆ ಮೈಗಿಂತ ಕೊಕ್ಕೇ ಉದ್ದ. ಲೋಕದಲ್ಲಿ ಇಂಥ ಅಳತೆ ಬೇರೆ ಯಾವ ಹಕ್ಕಿಗೂ ಇಲ್ಲ.

ಇಷ್ಟುದ್ದದ ಕೊಕ್ಕಿನೊಡನೆ ಸಂಸಾರ ಮಾಡುವುದು ಸುಲಭವಲ್ಲ. ಎಲ್ಲ ಹಕ್ಕಿಗಳೂ ಕೊಕ್ಕಿನಿಂದ ಗರಿ ತೀಡಿಕೊಳ್ಳುತ್ತವೆ. ಕತ್ತಿಕೊಕ್ಕಿಗೆ ತನ್ನ ಎದೆಯೇ ನಿಲುಕದು. ಆದುದರಿಂದ ಅದು ಕಾಲಿನಿಂದ ಮೈ ಕೆರೆದುಕೊಂಡು ಗರಿಯನ್ನು ಒಪ್ಪ ಮಾಡಬೇಕು. ಕುಳಿತಾಗ ಕೊಕ್ಕನ್ನು ನೇರ ಮುಂದಕ್ಕೆ ಹಿಡಿದರೆ ಕತ್ತಿಗೆ ಭಾರ. ಹಾಗಾಗಿ ಬಂದೂಕನ್ನು ಹೆಗಲಿಗೇರಿಸಿದ ಸಿಪಾಯಿಯಂತೆ ಕೊಕ್ಕನ್ನು ಮೇಲಕ್ಕೆತ್ತಿ ಕೂರುತ್ತದೆ. ಜೇನಿನಲ್ಲಿ ಸಕ್ಕರೆಯುಂಟು, ಮೈ ಕಟ್ಟುವ ಸತ್ವ ಕಡಿಮೆ; ಆದುದರಿಂದ ಹುಳುಗಳನ್ನೂ ತಿನ್ನಬೇಕು. ನಾಲ್ಕು ಅಂಗುಲದ ಕೊಕ್ಕಿನ ತುದಿಯಲ್ಲಿ ನೊಣವನ್ನು ಹಿಡಿದರೆ ಗಂಟಲಿಗೆ ತರುವುದು ಹೇಗೆ? ಅದಕ್ಕಾಗಿ ಅದು ಬಾಯಿ ತೆರೆದುಕೊಂಡು ಗಾಳಿಯಲ್ಲಿ ಹುಳುಗಳ ಮೇಲೆ ನುಗ್ಗುತ್ತದೆ.

ಕತ್ತಿಕೊಕ್ಕು ಶಾಸ್ತ್ರದ ಪುಸ್ತಕಕ್ಕೆ ಸೇರಿದ ಬಗೆಯೂ ಕೇಳತಕ್ಕದ್ದೇ. ಫ್ರಾನ್ಸಿನ ಬ್ವಾಸೊನೋ ಎಂಬಾತ 1840ರಲ್ಲಿ ಇದನ್ನು ವರ್ಣಿಸಿದ. ಆ ಕಾಲದಲ್ಲಿ ಕೊಲಂಬಿಯದ ಬೊಗೊಟಾ ನಗರ ಹಕ್ಕಿ ಚರ್ಮದ ದೊಡ್ಡ ಸಂತೆಯಾಗಿತ್ತು. ಮಲೆಯಲ್ಲಿ ಹೊಡೆದ ಝೇಂಕಾರದ ಹಕ್ಕಿಗಳ ಚರ್ಮಗಳನ್ನು ಅಲ್ಲಿಂದ ಪ್ಯಾರಿಸ್ಸಿಗೂ ಲಂಡನ್ನಿಗೂ ಹಡಗಿನಲ್ಲಿ ಕಳುಹಿಸುತ್ತಿದ್ದರು. ಕೆಲವು ವಸ್ತುಸಂಗ್ರಹಾಲಯ ಸೇರುತ್ತಿದ್ದವು. ಉಳಿದವು ಶ್ರೀಮಂತರ ಮನೆಯ ಗಾಜಿನ ಪೆಟ್ಟಿಗೆಗೆ, ಹೆಂಗಸರ ಟೋಪಿಗೆ ಅಲಂಕಾರವಾಗುತ್ತಿದ್ದವು. ಯಾವ ಹಕ್ಕಿ ಯಾವ ಬೆಟ್ಟದ್ದು, ಯಾವ ಹೂವಿನ ಬಳಿ ಸಿಕ್ಕಿತು ಎಂಬುದನ್ನು ಯಾರೂ ಬರೆದಿಡಲಿಲ್ಲ. ಇಂಗ್ಲೆಂಡಿನ ಜಾನ್ ಗೂಲ್ಡ್ ಎಂಬ ಪಕ್ಷಿಶಾಸ್ತ್ರಜ್ಞ 1851ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಈ ಹಕ್ಕಿಗಳ ಚರ್ಮಗಳ ಪ್ರದರ್ಶನವಿಟ್ಟಾಗ 75,000ಕ್ಕೂ ಹೆಚ್ಚು ಜನ ಬಂದು ನೋಡಿದರು. ಸ್ವಾರಸ್ಯವೆಂದರೆ, ಝೇಂಕಾರದ ಹಕ್ಕಿಗಳ ಮೇಲೆ ಬೃಹತ್ ಗ್ರಂಥವನ್ನು ಹೊರತರುತ್ತಿದ್ದ ಆ ಗೂಲ್ಡನೇ ಅಲ್ಲಿಯವರೆಗೆ ಜೀವಂತ ಝೇಂಕಾರದ ಹಕ್ಕಿಯನ್ನು ಕಂಡಿರಲಿಲ್ಲ. 1857ರಲ್ಲಿ ಅಮೆರಿಕಕ್ಕೆ ಹೋದಾಗ ಮೊದಲ ಸಲ ಕಂಡ.

ಹಕ್ಕಿಯನ್ನು ಸತ್ತ ಚರ್ಮವಾಗಿ ಮಾತ್ರ ನೋಡಿದರೆ ಕತ್ತಿಕೊಕ್ಕಿನ ಕೊಕ್ಕು ಸೃಷ್ಟಿಯ ವಿನೋದದಂತೆ ಕಾಣುತ್ತದೆ. ಅದರ ಅರ್ಥ ತಿಳಿಯಬೇಕಾದರೆ ಪಕ್ಕದಲ್ಲಿ ಹೂವನ್ನಿಟ್ಟು ನೋಡಬೇಕು.

ಆ ಹೂವಿನ ಬಳಗ ನಿಮಗೆ ಅಪರಿಚಿತವಲ್ಲ. ಅನೇಕರ ಮನೆಯ ಕಾಂಪೌಂಡಿನ ಮೇಲೆ ಕೃಷ್ಣಕಮಲದ ಬಳ್ಳಿ ಹಬ್ಬಿರುತ್ತದೆ. ಹೊರಗೆ ಸುತ್ತಲೂ ಇರುವ ನೂರಾರು ನೇರಳೆ ಎಳೆಗಳು ಕೌರವರು; ಒಳಗಿನ ಐದು ಕೇಸರಗಳು ಪಂಚಪಾಂಡವರು; ಅದರ ಮೇಲಿನ ಮೂರು ಕವಲು ತ್ರಿಮೂರ್ತಿಗಳು ಎಂದು ಅಜ್ಜಿಯರು ಮಕ್ಕಳಿಗೆ ತೋರಿಸುವುದುಂಟು. ಹೆಸರೆಷ್ಟು ನಮ್ಮದಾದರೂ ಬಳ್ಳಿ ಮಾತ್ರ ಅಮೆರಿಕದಿಂದ ಬಂದದ್ದು. ಕೊಡಗಿನಲ್ಲಿ ಶರಬತ್ತು ಮಾಡುವ ಪ್ಯಾಶನ್ ಹಣ್ಣೂ ಇದೇ ಬಳಗದ್ದು. ಇದೇ ಬಳಗದ ಒಂದು ಕವಲು ಆಂಡೀಸಿನ ಮೋಡದ ಕಾಡುಗಳಲ್ಲಿ ಬೆಳೆದಿದೆ. ಅದರಲ್ಲಿ ಅರುವತ್ತರಷ್ಟು ಜಾತಿಗಳುಂಟು. ಅವುಗಳಲ್ಲಿ ಪ್ಯಾಸಿಫ್ಲೋರ ಮಿಕ್ಸ್ಟ ಎಂಬ ಗುಲಾಬಿ ಬಣ್ಣದ ಹೂವನ್ನು ತೆಗೆದುಕೊಳ್ಳಿ. ಎಸಳುಗಳ ಹಿಂದೆ ಸುಮಾರು ನಾಲ್ಕು ಅಂಗುಲದ ಸಪೂರ ಕೊಳವೆ. ಜೇನಿರುವುದು ಆ ಕೊಳವೆಯ ತಳದಲ್ಲಿ. ಕೃಷ್ಣಕಮಲದಲ್ಲಿ ಎದ್ದು ಕಾಣುವ ಎಳೆಗಳು ಇದರಲ್ಲಿ ಸಣ್ಣ ಗುಳ್ಳೆಗಳ ಒಂದು ಬಳೆಯಾಗಿ ಕುಗ್ಗಿವೆ. ಕೌರವರು ಅಳಿದು ಪಾಂಡವರು ಉಳಿದಿದ್ದಾರೆ ಎನ್ನಿ. ಏಕೆ ಹೀಗೆ? ಚಪ್ಪಟೆಯಾಗಿ ಹರಡಿದ ಆ ಎಳೆಗಳು ಮೇಲೆ ಬಂದು ಇಳಿಯುವ ದುಂಬಿಗೆ ಜಗಲಿ ಇದ್ದಂತೆ. ಗಾಳಿಯಲ್ಲೇ ನಿಂತು ಕುಡಿಯುವ ಅತಿಥಿಗೆ ಜಗಲಿ ಬೇಕಿಲ್ಲ.

ಕತ್ತಿಕೊಕ್ಕು ಬಂದು ಹೂವಿನ ಎದುರು ನಿಲ್ಲುತ್ತದೆ. ಕೊಕ್ಕನ್ನು ಕೊಳವೆಯೊಳಕ್ಕೆ ಬುಡದವರೆಗೂ ಇಳಿಸುತ್ತದೆ, ಕತ್ತಿಯನ್ನು ಒರೆಗೆ ಸೇರಿಸಿದಂತೆ. ಅದರ ನಾಲಗೆ ಕೊಕ್ಕಿಗಿಂತ ಮುಂದಕ್ಕೆ ಚಾಚುತ್ತದೆ. ಈ ಕುಲದ ಹಕ್ಕಿಗಳ ನಾಲಗೆ ತುದಿಯಲ್ಲಿ ಸೀಳಿದ್ದು, ಅಂಚುಗಳಲ್ಲಿ ಸಣ್ಣ ಜಾಲರಿಗಳಿರುತ್ತವೆ. ನಾಲಗೆ ದ್ರವದೊಳಗೆ ಹೋದಾಗ ಅವು ಬಿಚ್ಚಿಕೊಳ್ಳುತ್ತವೆ. ಹೊರಗೆ ಬರುವಾಗ ಮಡಿಚಿಕೊಂಡು ಜೇನನ್ನು ಹಿಡಿದು ತರುತ್ತವೆ ಎಂದು 2011ರಲ್ಲಿ ವೇಗದ ಕ್ಯಾಮೆರದ ಮೂಲಕ ಗೊತ್ತಾಯಿತು. ಅದಕ್ಕೆ ಮೊದಲು ನೂರೆಂಬತ್ತು ವರ್ಷಗಳಷ್ಟು ಕಾಲ, ಬತ್ತಿ ಎಣ್ಣೆ ಹೀರುವಂತೆ ನಾಲಗೆ ಜೇನು ಹೀರುತ್ತದೆಂದು ಎಲ್ಲರೂ ನಂಬಿದ್ದರು. ಹಕ್ಕಿ ಹೀಗೆ ಕುಡಿಯುತ್ತಿರುವಾಗ ಹೂವಿನ ಬಾಯಿಯಿಂದ ಮುಂದಕ್ಕೆ ಚಾಚಿದ ಕೇಸರಗಳು ಅದರ ಮುಖದ ಗರಿಗಳಿಗೆ ತಾಗಿ ಪರಾಗ ಅಂಟುತ್ತದೆ. ಮುಂದಿನ ಹೂವಿನಲ್ಲಿ ಆ ಪರಾಗ ಹೆಣ್ಣು ಭಾಗಕ್ಕೆ ತಗಲುತ್ತದೆ, ಕಾಯಿ ಕಟ್ಟುತ್ತದೆ.

ಮುಂದಿನ ಹೂ ಪಕ್ಕದಲ್ಲೇ ಇರುವುದಿಲ್ಲ. ಈ ಬಳ್ಳಿಗಳು ಕಾಡಿನಲ್ಲಿ ಒಂದು ಇಲ್ಲಿ, ಒಂದು ಅಲ್ಲಿ ಬೆಳೆಯುತ್ತವೆ. ಇತರ ಅನೇಕ ಝೇಂಕಾರದ ಹಕ್ಕಿಗಳು ಹೂ ದಟ್ಟವಾಗಿರುವ ಒಂದು ಪೊದೆಯನ್ನು ತಮ್ಮದೆಂದು ಹಿಡಿದು, ಬಂದವರನ್ನೆಲ್ಲ ಅಟ್ಟುತ್ತ ಕಾವಲಿರುತ್ತವೆ. ಕತ್ತಿಕೊಕ್ಕಿಗೆ ಆ ಜಗಳದ ಬಾಳು ಒಗ್ಗದು. ಅಂಚೆಯವನು ದಿನವೂ ಒಂದೇ ಬೀದಿಗಳನ್ನು ಸುತ್ತುವಂತೆ ಅದು ದೂರ ದೂರದ ಬಳ್ಳಿಗಳ ಸುತ್ತು ಹೋಗಿ ಬರುತ್ತದೆ. ಬೇರೆ ಹಕ್ಕಿಗೆ ನಿಲುಕದ ಜೇನಾದುದರಿಂದ ಕಾವಲಿಡದಿದ್ದರೂ ಅದರ ಪಾಲು ಅದಕ್ಕೆ ಉಳಿದಿರುತ್ತದೆ. ಹೂವಿಗೂ ಇದರಿಂದ ಲಾಭ. ಒಂದು ಬಳ್ಳಿಯ ಪರಾಗ ದೂರದ ಇನ್ನೊಂದು ಬಳ್ಳಿಗೆ ಮುಟ್ಟುತ್ತದೆ.

ಹೂವಿಗೆ ತಕ್ಕ ಕೊಕ್ಕೋ, ಕೊಕ್ಕಿಗೆ ತಕ್ಕ ಹೂವೋ ಎಂದು ನೀವು ಕೇಳಬಹುದು. ಇಂಥ ಪ್ರಶ್ನೆಗೆ ಹಿಂದೆ ಡಾರ್ವಿನ್ ಒಂದು ದಾರಿ ತೋರಿಸಿದ್ದ. ಮಡಗಾಸ್ಕರಿನ ಒಂದು ಸೀತಾಳೆ ಹೂವಿನಲ್ಲಿ ಸುಮಾರು ಒಂದು ಅಡಿ ಉದ್ದದ ಜೇನಿನ ಕೊಳವೆಯನ್ನು ಕಂಡು, ಅಷ್ಟುದ್ದದ ನಾಲಗೆಯ ಪತಂಗ ಅಲ್ಲಿ ಇರಲೇಬೇಕೆಂದು 1862ರಲ್ಲಿ ಬರೆದ. ಅಂಥ ಪತಂಗವನ್ನು 1903ರಲ್ಲಿ, ಅವನು ತೀರಿಹೋದ ಇಪ್ಪತ್ತು ವರ್ಷಗಳ ಮೇಲೆ, ವರ್ಣಿಸಿದರು. ಕೊಳವೆ ತುಸು ಉದ್ದವಾಗಿರುವ ಹೂವಿನಲ್ಲಿ ಕುಡಿಯುವವನು ತಳ ಮುಟ್ಟಲು ಮುಖವನ್ನು ಗಟ್ಟಿಯಾಗಿ ಒತ್ತುತ್ತಾನೆ, ಪರಾಗ ಚೆನ್ನಾಗಿ ಅಂಟುತ್ತದೆ. ಆ ಹೂವಿನ ಸಂತಾನ ಹೆಚ್ಚುತ್ತದೆ. ಕೊಕ್ಕು ತುಸು ಉದ್ದವಾಗಿರುವ ಹಕ್ಕಿಗೆ ಹೆಚ್ಚು ಜೇನು ಸಿಗುತ್ತದೆ. ಅದರ ಸಂತಾನ ಹೆಚ್ಚುತ್ತದೆ. ಹೀಗೆ ತಲೆಮಾರು ತಲೆಮಾರಾಗಿ ಒಬ್ಬರನ್ನೊಬ್ಬರು ಎಳೆದುಕೊಂಡು ಹೋಗುತ್ತಾರೆ. ಕತ್ತಿಕೊಕ್ಕು ಮತ್ತು ಈ ಹೂಗಳ ವಂಶವೃಕ್ಷವನ್ನು ಜೀವಕೋಶಗಳ ಬರಹದಿಂದ ಓದಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ನಂಟಿಗೆ ಒಂದು ಕೋಟಿ ವರ್ಷಕ್ಕೂ ಮಿಕ್ಕ ವಯಸ್ಸು. ಕತ್ತಿಕೊಕ್ಕಿನ ವಂಶ ತನ್ನ ಹತ್ತಿರದ ಬಂಧುಗಳಿಂದ ಬೇರೆಯಾದ ಮೇಲೆ, ಹೆಚ್ಚು ತಡವಾಗದೆ, ಉದ್ದ ಕೊಳವೆಯ ಹೂಗಳ ಕವಲೂ ಹುಟ್ಟಿತು. ಇಂದು ಆ ಕವಲಿನ ಸುಮಾರು 37 ಜಾತಿಗಳು ಪರಾಗಕ್ಕಾಗಿ ಕತ್ತಿಕೊಕ್ಕೊಂದನ್ನೇ ಕಾಯುತ್ತವೆ.

ಇಲ್ಲಿ ಲೆಕ್ಕವನ್ನು ಸ್ವಲ್ಪ ಎಚ್ಚರದಿಂದ ನೋಡಬೇಕು. ಇದನ್ನು ಸರಿಸಮಾನರ ಸ್ನೇಹವೆಂದು ಹೊಗಳಿ ಮುಗಿಸುವುದು ಸುಲಭ. ಆದರೆ ಋಣ ಎರಡು ಕಡೆಗೂ ಸಮನಾಗಿಲ್ಲ. ಹಕ್ಕಿಗೆ ಬೇರೆ ಅಂಗಡಿಗಳೂ ಉಂಟು. ನಮ್ಮ ಉಮ್ಮತ್ತಿಯ ಬಂಧುವಾದ, ಗಂಟೆಯಂತೆ ಕೆಳಕ್ಕೆ ತೂಗುವ ಕೆಂಪು ಹೂಗಳಿಗೂ ಅದು ಕೆಳಗಿನಿಂದ ಕೊಕ್ಕೇರಿಸಿ ಕುಡಿಯುತ್ತದೆ. ಉದ್ದ ಕೊಳವೆಯ ಇನ್ನೂ ಕೆಲವು ಹೂಗಳು ಅದಕ್ಕೆ ಆಗುತ್ತವೆ. ಒಂದು ಜಾತಿಯ ಬಳ್ಳಿ ಕಾಡಿನಿಂದ ಮರೆಯಾದರೆ ಹಕ್ಕಿ ಇನ್ನೊಂದಕ್ಕೆ ಹೋದೀತು. ಹೂವಿಗೆ ಆ ಆಯ್ಕೆ ಇಲ್ಲ. ಹಕ್ಕಿ ಬಾರದ ಕಾಡಿನಲ್ಲಿ ಅದು ಅರಳುತ್ತದೆ, ಜೇನು ತುಂಬಿಕೊಳ್ಳುತ್ತದೆ, ಬಾಡಿ ಬೀಳುತ್ತದೆ. ಬಳ್ಳಿ ದೀರ್ಘಾಯುವಾದುದರಿಂದ ಕಾಡಿನಲ್ಲಿ ನಡೆಯುವವನಿಗೆ ಹಲವು ವರ್ಷ ಏನೂ ಕೊರತೆ ಕಾಣುವುದಿಲ್ಲ. ಮನೆ ತುಂಬ ಹಿರಿಯರಿದ್ದು ತೊಟ್ಟಿಲು ತೂಗದ ಮನೆಯಂತೆ ಅದು. ಪ್ಯಾಸಿಫ್ಲೋರ ಮಿಕ್ಸ್ಟ ಮತ್ತು ಕತ್ತಿಕೊಕ್ಕುಗಳನ್ನು ಇಕ್ವೆಡಾರಿನಲ್ಲಿ ಗಮನಿಸಿ 2001ರಲ್ಲಿ ಬರೆದ ಸಂಶೋಧಕರು ಇದನ್ನೇ ಎತ್ತಿ ಹೇಳಿದರು. ಇಷ್ಟು ಬಿಗಿಯಾದ ನಂಟು ಅಷ್ಟೇ ಸುಲಭವಾಗಿ ಮುರಿಯುವಂಥದು.

ಪ್ರಕೃತಿ ಈ ಬಿಗಿಯಿಂದ ಬಿಡಿಸಿಕೊಳ್ಳಲು ದಾರಿಯನ್ನೇ ಇಟ್ಟಿಲ್ಲವೆ? ಇಟ್ಟಿದೆ. ಅದೇ 2014ರ ಅಧ್ಯಯನ ತೋರಿಸಿದಂತೆ, ಈ ಕವಲಿನ ಕೆಲವು ಜಾತಿಗಳು ಹಿಂದೆ ಹಲವು ಬಾರಿ ಕತ್ತಿಕೊಕ್ಕಿನ ಹಂಗನ್ನು ತೊರೆದಿವೆ. ಕೆಲವು ಕೊಳವೆಯನ್ನು ಗಿಡ್ಡ ಮಾಡಿಕೊಂಡು ಚಿಕ್ಕ ಕೊಕ್ಕಿನ ಹಕ್ಕಿಗಳಿಗೆ ಬಾಗಿಲು ತೆರೆದವು. ಕೆಲವು ರಾತ್ರಿ ಬರುವ ಬಾವಲಿಗಳನ್ನು ಒಲಿಸಿಕೊಂಡವು. ಬಾಳೆ ಪ್ಯಾಶನ್ ಹಣ್ಣು ಎಂಬ, ರೈತರು ಸಾಕಿದ ಜಾತಿಯನ್ನು ಕೊಲಂಬಿಯದಲ್ಲಿ ಕುರುಬಾ ಎಂದೂ ಇಕ್ವೆಡಾರಿನಲ್ಲಿ ತಾಕ್ಸೊ ಎಂದೂ ಕರೆದು ಪಾನಕ ಮಾಡುತ್ತಾರೆ. ಅದು ತನ್ನದೇ ಪರಾಗದಿಂದಲೂ ಕಾಯಿ ಕಟ್ಟಬಲ್ಲದು. ಹವಾಯಿ ದ್ವೀಪಗಳಿಗೆ ಒಯ್ದಾಗ ಅಲ್ಲಿ ಕತ್ತಿಕೊಕ್ಕು ಇಲ್ಲದಿದ್ದರೂ ಕಾಡನ್ನೆಲ್ಲ ಮುಸುಕುವ ಕಳೆಯಾಯಿತು. ನೀಲಗಿರಿಯಲ್ಲಿಯೂ ಅದು ಬೆಳೆಯುತ್ತದೆ. ಹೀಗೆ ಬಿಡುಗಡೆಯ ದಾರಿಯುಂಟು. ಆದರೆ ಕಾಡಿನ ಹೂಗಳು ಆ ದಾರಿ ನಡೆದದ್ದು ಲಕ್ಷಾಂತರ ವರ್ಷಗಳಲ್ಲಿ. ಕೊಡಲಿ ಮತ್ತು ಬೆಂಕಿ ಅಷ್ಟು ಸಮಯ ಕೊಡುವುದಿಲ್ಲ.

ಆಂಡೀಸಿನ ಇಳಿಜಾರುಗಳಲ್ಲಿ ಕಾಡು ಕಡಿದು ಹುಲ್ಲುಗಾವಲು, ಆಲೂಗೆಡ್ಡೆಯ ಹೊಲ, ಗಣಿ, ರಸ್ತೆ ಮಾಡುವುದು ಬಹು ಕಾಲದಿಂದ ನಡೆದಿದೆ. ಉಳಿದ ಕಾಡು ಹಲವೆಡೆ ತುಂಡು ತುಂಡಾಗಿದೆ. ಕತ್ತಿಕೊಕ್ಕಿನ ಸುತ್ತಾಟದ ಬಾಳಿಗೆ ಬಳ್ಳಿಯಿಂದ ಬಳ್ಳಿಗೆ ದಾರಿ ಬೇಕು. ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಗಾಳಿ ಬಿಸಿಯಾದಷ್ಟೂ ತಣ್ಪನ್ನು ಬಯಸುವ ಜೀವಿಗಳು ಮೇಲಕ್ಕೆ ಸರಿಯುತ್ತವೆ. ಪೆರು ದೇಶದ ಪಾಂಟಿಯಕೊಲ್ಯ ಎಂಬ ಬೆಟ್ಟದ ಹಕ್ಕಿಗಳನ್ನು 1985ರಲ್ಲಿ ಎಣಿಸಿದ್ದರು. 2017ರಲ್ಲಿ ಮತ್ತೆ ಎಣಿಸಿದಾಗ ಬಹುಪಾಲು ಹಕ್ಕಿಗಳು ಮೇಲಕ್ಕೆ ಸರಿದಿದ್ದವು. ಮೊದಲೇ ನೆತ್ತಿಯಲ್ಲಿದ್ದ ಕೆಲವು ಅಲ್ಲಿ ಕಾಣಲೇ ಇಲ್ಲ. ನೆತ್ತಿಯ ಮೇಲೆ ಇನ್ನು ಏರುವುದೆಲ್ಲಿಗೆ? ಕತ್ತಿಕೊಕ್ಕಿನ ಕಾಡು ಆ ಬೆಟ್ಟಕ್ಕಿಂತ ಎತ್ತರದ್ದು. ಅದರ ಮೇಲೆ ಇನ್ನೂ ಜಾಗವುಂಟು ಎನ್ನಬಹುದು. ರೆಕ್ಕೆಯಿರುವ ಹಕ್ಕಿ ಒಂದು ದಿನದಲ್ಲಿ ಮೇಲೇರೀತು. ಬೇರು ಬಿಟ್ಟ ಬಳ್ಳಿಯೂ ಅದನ್ನು ಹೊರುವ ಮರವೂ ಅದೇ ವೇಗದಲ್ಲಿ ಏರಬಲ್ಲವೆ? ಅಲ್ಲಿ ಋಣದ ಲೆಕ್ಕ ಮತ್ತೆ ಹೂವಿನ ಮೇಲೆಯೇ ಬೀಳುತ್ತದೆ.

ಇಂದಿಗೆ ಕತ್ತಿಕೊಕ್ಕು ಅಳಿವಿನಂಚಿನ ಹಕ್ಕಿಗಳ ಪಟ್ಟಿಯಲ್ಲಿಲ್ಲ. ಅದು ಸಂತೋಷದ ಸಂಗತಿ. ಆದರೆ ಅಂಥ ಪಟ್ಟಿಗಳು ಜಾತಿಗಳನ್ನು ಎಣಿಸುತ್ತವೆ, ನಂಟುಗಳನ್ನು ಎಣಿಸುವುದಿಲ್ಲ. ಹಕ್ಕಿ ಒಂದು ಕಣಿವೆಯಲ್ಲಿ ಸುಖವಾಗಿದ್ದು, ಪಕ್ಕದ ಕಣಿವೆಯಲ್ಲಿ ಹೂ ಅದಕ್ಕಾಗಿ ಕಾದು ಕಾದು ಮುಗಿದುಹೋದರೆ, ಪಟ್ಟಿಯಲ್ಲಿ ಹಕ್ಕಿಯ ಹೆಸರಿನ ಮುಂದೆ ಯಾವ ಗುರುತೂ ಬೀಳುವುದಿಲ್ಲ.

ಇದು ಹಕ್ಕಿ ಹೂಗಳ ಮಾತಷ್ಟೇ ಎಂದು ತಿಳಿಯಬೇಡಿ. ಮಂಜನ್ನು ಹಿಡಿದು ಹನಿಸುವ ಆ ಕಾಡು, ಅದರ ಮೇಲಿನ ಜೌಗು ಹುಲ್ಲುಗಾವಲು, ಇವೇ ಆಂಡೀಸಿನ ನಗರಗಳ ನೀರಿನ ತೊಟ್ಟಿ. ಬೊಗೊಟಾ ನಗರ ಕುಡಿಯುವ ನೀರಿನ ಬಹುಪಾಲು ಚಿಂಗಾಸ ಎಂಬ ಎತ್ತರದ ಸೀಮೆಯಿಂದ ಬರುತ್ತದೆ. 2024ರಲ್ಲಿ ಮಳೆ ಕೈಕೊಟ್ಟು ಅಲ್ಲಿಯ ಜಲಾಶಯಗಳು ಬತ್ತಿದಾಗ, ಏಪ್ರಿಲ್ ತಿಂಗಳಿನಿಂದ ಬೊಗೊಟಾದ ಬಡಾವಣೆಗಳಿಗೆ ಸರದಿಯ ಮೇಲೆ ನೀರು ನಿಲ್ಲಿಸಬೇಕಾಯಿತು. ಅದೇ ವರ್ಷದ ಬೇಸಗೆಯಲ್ಲಿ ಟ್ಯಾಂಕರಿಗಾಗಿ ಕಾದ ಬೆಂಗಳೂರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕೈಕಟ್ಟಿ ಕುಳಿತವರೇ ಎಲ್ಲರೂ ಅಲ್ಲ. ಇಕ್ವೆಡಾರಿನ ರಾಜಧಾನಿ ಕೀಟೊ ನಗರದ ಹತ್ತಿರ, ಪಿಚಿಂಚ ಜ್ವಾಲಾಮುಖಿಯ ಇಳಿಜಾರಿನಲ್ಲಿ, ಯಾನಾಕೋಚ ಎಂಬ ಕಾಡನ್ನು ಹೊಕೊಟೊಕೊ ಎಂಬ ಸಂಸ್ಥೆ 2001ರಲ್ಲಿ ರಕ್ಷಿತ ಪ್ರದೇಶವಾಗಿ ಮಾಡಿತು. ಅವರ ಉದ್ದೇಶ ಬೇರೊಂದು ಝೇಂಕಾರದ ಹಕ್ಕಿಯನ್ನು ಉಳಿಸುವುದು. ಆ ಹಕ್ಕಿಯ ಎದೆ ಕಪ್ಪು. ಕಾಲಿಗೆ ಬಿಳಿಯ ಹತ್ತಿಯ ಉಂಡೆ ಕಟ್ಟಿದಂತೆ ಗರಿ. ನಿಜವಾಗಿಯೂ ಅಳಿವಿನ ಅಂಚಿಗೆ ಬಂದಿದ್ದ ಅದನ್ನು ಕೀಟೊ ನಗರ 2005ರಲ್ಲಿ ತನ್ನ ಲಾಂಛನದ ಹಕ್ಕಿಯಾಗಿ ಆರಿಸಿತು. ಅದಕ್ಕಾಗಿ ಉಳಿಸಿದ ಕಾಡಿನಲ್ಲಿ ಕತ್ತಿಕೊಕ್ಕಿಗೂ ಆಶ್ರಯ ದೊರೆಯಿತು. ಅದರ ಹೂಗಳಿಗೂ ದೊರೆಯಿತು. ನೋಡಲು ಬಂದವರಿಗಾಗಿ ಅಲ್ಲಿ ಸಕ್ಕರೆ ನೀರಿನ ಬಟ್ಟಲುಗಳನ್ನು ತೂಗುಹಾಕಿದ್ದಾರೆ. ಕತ್ತಿಕೊಕ್ಕು ಅದಕ್ಕೂ ಬರುತ್ತದೆ. ನೋಡುವವರಿಗೆ ಅದೊಂದು ಭಾಗ್ಯ. ಬಟ್ಟಲಿನಲ್ಲಿ ಪರಾಗವಿಲ್ಲವೆಂಬುದನ್ನು ಮಾತ್ರ ಮರೆಯಬಾರದು. ಹಕ್ಕಿಯನ್ನು ಸಾಕುವುದು ಬೇರೆ, ಹಕ್ಕಿಯ ಕೆಲಸವನ್ನು ಉಳಿಸುವುದು ಬೇರೆ. ಇಕ್ವೆಡಾರ್ ದೇಶ 2008ರ ತನ್ನ ಸಂವಿಧಾನದಲ್ಲಿ ಪ್ರಕೃತಿಗೇ ಹಕ್ಕುಗಳುಂಟೆಂದು ಬರೆದುಕೊಂಡಿತು. ಅದು ಕಾಗದದ ಮಾತಲ್ಲವೆಂಬುದು 2021ರಲ್ಲಿ ತಿಳಿಯಿತು. ಲಾಸ್ ಸೆದ್ರೋಸ್ ಎಂಬ ಮೋಡದ ಕಾಡಿನಲ್ಲಿ ಗಣಿಗಾರಿಕೆ ಸಲ್ಲದೆಂದು ಆ ದೇಶದ ಸಂವಿಧಾನ ನ್ಯಾಯಾಲಯ ತೀರ್ಪಿತ್ತಿತು.

ಕತ್ತಿಕೊಕ್ಕು ನಮ್ಮ ನಾಡಿಗೆ ಬರುವ ಹಕ್ಕಿಯಲ್ಲ. ಆದರೆ ಕೃಷ್ಣಕಮಲ ಬಂದಿದೆ. ಅದು ಅರಳಿದ ದಿನ ಮಕ್ಕಳಿಗೆ ಕೌರವ ಪಾಂಡವರನ್ನು ತೋರಿಸುವಾಗ, ಹೂವಿನ ಮೇಲೆ ದೊಡ್ಡದಾದ ಕಪ್ಪು ದುಂಬಿಯೊಂದು ಬಂದು ಕೂರುತ್ತದೆಯೇ ನೋಡಿ. ಮನೆಯ ಹಳೆಯ ತೊಲೆಯಲ್ಲಿ ತೂತು ಕೊರೆಯುತ್ತದೆಂದು ನಾವು ಬೈಯುವ ಬಡಗಿದುಂಬಿ ಅದು. ಕೊಡಗಿನ ಪ್ಯಾಶನ್ ಹಣ್ಣಿನ ತೋಟಗಳಲ್ಲಿ ಕಾಯಿ ಕಟ್ಟಿಸುವವರಲ್ಲಿ ಅದೇ ಮುಖ್ಯ. ಅದು ಹೂವಿನಲ್ಲಿ ಇಳಿದಾಗ ಅದರ ಬೆನ್ನಿಗೆ ಏನು ತಾಗುತ್ತದೆಂದು ಮಕ್ಕಳನ್ನೇ ಕೇಳಿ. ಅವರು ಸರಿಯಾಗಿ ಉತ್ತರ ಹೇಳಿದರೆ, ಆಂಡೀಸಿನ ಮಂಜಿನಲ್ಲಿ ನಾಲ್ಕು ಅಂಗುಲದ ಕೊಕ್ಕೊಂದು ಏಕೆ ಬೆಳೆಯಿತೆಂಬುದೂ ಅವರಿಗೆ ಅರ್ಥವಾದಂತೆಯೇ.